ಜರಡಿಯ ಮೇಲೆ ಉಳಿದ ತೌಡು

ಮುಳಬಾಗಿಲು ಕಡೆಯ ನಮ್ಮೂರಿನ ಡೇರಿಯಲ್ಲಿ ಬೆಳಗಾಗುತ್ತಲೇ ಕ್ಯಾನುಗಳ ಸದ್ದು ಶುರುವಾಗುತ್ತದೆ. ಸ್ಯಾಂಪಲ್ ತೆಗೆದು ಮೆಷಿನ್‌ಗೆ ಇಟ್ಟರೆ ಫ್ಯಾಟ್ ಎಷ್ಟು ಅಂತ ಅಂಕಿ ಬರುತ್ತದೆ. "ಏನಕ್ಕಾ, ಎರಡು ದಿನದಿಂದ ಫ್ಯಾಟ್ ಕಮ್ಮಿ ಬರ್ತಿದೆ, ಒಣಹುಲ್ಲು ಹಾಕ್ತಾ ಇಲ್ವಾ?" ಅಂತ ಸೆಕ್ರೆಟರಿ ಕೇಳುತ್ತಾರೆ. ಹಿಂಡಿ, ಫೀಡ್ ಎಷ್ಟು ಸುರಿದರೂ ಅಷ್ಟೆ, ರಾಗಿ ಹುಲ್ಲು ಕಡಿಮೆಯಾದರೆ ಫ್ಯಾಟ್ ಇಳಿಯುತ್ತದೆ. ಕೋಲಾರದಲ್ಲಿ ಹಸು ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹುಲ್ಲನ್ನು ಹಸು ತಾನಾಗಿ ಅರಗಿಸಿಕೊಳ್ಳಲಾರದು. ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಕೂತು ಹುಲ್ಲಿನ ನಾರನ್ನು ಹುಳಿ ಬರಿಸುತ್ತವೆ. ಆಗ ಹುಟ್ಟುವ ಪುಟ್ಟ ಪುಟ್ಟ ಆಮ್ಲಗಳೇ ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್. ಇವಕ್ಕೆ ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳು ಅನ್ನುತ್ತಾರೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಇವುಗಳಿಂದಲೇ. ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾ ಸಾಮಾನು ಅಸಿಟೇಟ್.

ಇವುಗಳಲ್ಲಿ ಒಂದಕ್ಕೆ ಹೆಸರು ಬಂದದ್ದೇ ಬೆಣ್ಣೆಯಿಂದ. 19ನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಮಿಷೆಲ್ ಷೆವ್ರೊಲ್ ಬೆಣ್ಣೆಯಿಂದ ಬ್ಯುಟಿರಿಕ್ ಆಮ್ಲವನ್ನು ಬೇರ್ಪಡಿಸಿದರು. ಹಳೇ ಬೆಣ್ಣೆಯ ಕಮಟು ವಾಸನೆ ಇದೆಯಲ್ಲ, ಅದು ಇದರದ್ದೇ. 1944ರಲ್ಲಿ ಕೇಂಬ್ರಿಜ್‌ನ ಬಾರ್‌ಕ್ರಾಫ್ಟ್, ಮ್ಯಾಕನಲಿ ಮತ್ತು ಫಿಲಿಪ್ಸನ್ ಅವರು ಕುರಿಗಳ ಮೇಲೆ ಕೆಲಸ ಮಾಡಿ, ಈ ಆಮ್ಲಗಳು ಹೊಟ್ಟೆಯಿಂದ ನೇರವಾಗಿ ರಕ್ತ ಸೇರುತ್ತವೆ ಅಂತ ತೋರಿಸಿದರು.

ಮನುಷ್ಯರ ವಿಷಯದಲ್ಲಿ ಮಾತ್ರ ಇಷ್ಟು ಗಮನ ಬರಲು ತಡವಾಯಿತು. ದೊಡ್ಡ ಕರುಳು ಅಂದರೆ ನೀರು ಹೀರಿಕೊಳ್ಳುವ ಮೋರಿ, ನಾರು ಅಂದರೆ ಸತ್ವವಿಲ್ಲದ ಕಸ ಎನ್ನುವ ಭಾವನೆ ಬಹಳ ಕಾಲ ಇತ್ತು. ಉಗಾಂಡದಲ್ಲಿ ಕೆಲಸ ಮಾಡಿದ್ದ ಐರಿಷ್ ಸರ್ಜನ್ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ಇದನ್ನು ಅಲುಗಾಡಿಸಿದರು. ನಾರು ಜಾಸ್ತಿ ತಿನ್ನುವ ಹಳ್ಳಿ ಜನರಲ್ಲಿ ದೊಡ್ಡ ಕರುಳಿನ ಕಾಯಿಲೆಗಳು ಇಷ್ಟು ಅಪರೂಪ ಯಾಕೆ ಎಂಬುದು ಅವರ ಪ್ರಶ್ನೆ. ನಾರು ಮಲವನ್ನು ಬೇಗ ಮುಂದೆ ತಳ್ಳುತ್ತದೆ ಅನ್ನುವುದು ಅವರ ಉತ್ತರದ ಒಂದು ಮುಖ್ಯ ಭಾಗ. ಇನ್ನೊಂದು ಭಾಗ 1980ರಲ್ಲಿ ಸಿಕ್ಕಿತು. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ಸಕ್ಕರೆಗಿಂತ ಹೆಚ್ಚಾಗಿ ಬ್ಯುಟಿರೇಟನ್ನೇ ಉರಿಸಿ ಬದುಕುತ್ತವೆ ಅಂತ ರೋಡಿಗರ್ ಎಂಬ ಸರ್ಜನ್ ತೋರಿಸಿದರು. ನಾವು ಅರಗಿಸಿಕೊಳ್ಳಲಾಗದ ನಾರನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ, ಅದು ಬಿಟ್ಟದ್ದನ್ನು ನಮ್ಮ ಕರುಳು ತಿನ್ನುತ್ತದೆ.

ನನ್ನ ಮನಸ್ಸಿನಲ್ಲಿ ತುಂಬಾ ನಿಂತದ್ದು 1989ರ ಒಂದು ಸಣ್ಣ ಪ್ರಯೋಗ. ಕೆಲವರಿಗೆ ಆಪರೇಷನ್ ಮಾಡಿ ಮಲವನ್ನು ಹೊಟ್ಟೆಯ ಪಕ್ಕದಿಂದ ಹೊರಗೆ ಬಿಟ್ಟಿರುತ್ತಾರೆ. ಕೆಳಗಿನ ಕರುಳಿಗೆ ಆಮೇಲೆ ಏನೂ ಬರುವುದಿಲ್ಲ. ವಿಶ್ರಾಂತಿ ಸಿಕ್ಕಿತು ಅಂದುಕೊಳ್ಳಬೇಕು, ಅಲ್ವಾ? ಆದರೆ ಖಾಲಿ ಬಿದ್ದ ಆ ಭಾಗ ಎಷ್ಟೋ ಸಲ ಕೆಂಪಗಾಗಿ ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. ಬೆರಳೆಣಿಕೆಯ ಇಂಥ ರೋಗಿಗಳಿಗೆ ಈ ಕೊಬ್ಬಿನಾಮ್ಲಗಳ ದ್ರಾವಣವನ್ನು ಆ ಕರುಳಿನೊಳಗೆ ಬಿಟ್ಟು ನೋಡಿದರು. ಕೆಲವು ವಾರಗಳಲ್ಲಿ ಉರಿಯೂತ ಇಳಿಯಿತು. ಹಸಿದಿದ್ದ ಕರುಳಿಗೆ ಊಟ ಸಿಕ್ಕಂತಾಯಿತು.

ಆಮೇಲೆ ಒಂದೊಂದೇ ಎಳೆ ಕೂಡಿಕೊಂಡಿತು. ಬ್ಯುಟಿರೇಟ್ ಮಾಡುವ ಒಂದು ಮುಖ್ಯ ಬ್ಯಾಕ್ಟೀರಿಯಾ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರಲ್ಲಿ ಕಡಿಮೆ ಇರುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ತಂಡ ಹೇಳಿತು. 2013ರಲ್ಲಿ ಮೂರು ತಂಡಗಳು ಇಲಿಗಳಲ್ಲಿ ಇನ್ನೊಂದನ್ನು ಕಂಡವು. ದೇಹದ ರಕ್ಷಣಾ ಪಡೆಯಲ್ಲಿ 'ಸಾಕು, ನಿಲ್ಲಿಸು' ಎಂದು ಹೇಳುವ ಜೀವಕೋಶಗಳಿವೆ. ಈ ಆಮ್ಲಗಳು ಅಂಥವುಗಳನ್ನು ಹೆಚ್ಚಿಸುತ್ತವೆ. ಗಾಯಕ್ಕೆ, ಸೋಂಕಿಗೆ ಉರಿಯೂತ ಬೇಕು. ಕಾರಣವಿಲ್ಲದೆ ವರ್ಷಗಟ್ಟಲೆ ಉರಿಯುತ್ತಲೇ ಇರುವುದು ಕಷ್ಟ.

2015ರಲ್ಲಿ ಅಮೆರಿಕದ 20 ಆಫ್ರಿಕನ್ ಮೂಲದವರಿಗೂ ದಕ್ಷಿಣ ಆಫ್ರಿಕಾದ 20 ಹಳ್ಳಿಗರಿಗೂ ಎರಡು ವಾರ ಊಟ ಅದಲುಬದಲು ಮಾಡಿದರು. ಮಾಂಸ, ಕೊಬ್ಬು ತಿನ್ನುತ್ತಿದ್ದವರಿಗೆ ನಾರಿನ ಹಳ್ಳಿ ಊಟ, ಹಳ್ಳಿಯವರಿಗೆ ಬರ್ಗರ್ ಊಟ. ಅಮೆರಿಕದವರ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಕರುಳಿನ ಉರಿಯೂತದ ಗುರುತುಗಳು ಇಳಿದವು. ಹಳ್ಳಿಯವರಲ್ಲಿ ಎಲ್ಲ ತಿರುವುಮುರುವು. ಬರೀ ಎರಡೇ ವಾರ!

ಇದನ್ನು ಓದಿದಾಗ ನನಗೆ ನಮ್ಮ ಅಡುಗೆಮನೆಯ ಜರಡಿ ನೆನಪಾಯಿತು. ಮಕ್ಕಳು ಮುದ್ದೆ ಒರಟು ಅಂತಾರೆ, ಅದಕ್ಕೆ ಅಮ್ಮ ರಾಗಿ ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುತ್ತಾಳೆ. ಜರಡಿಯ ಮೇಲೆ ಉಳಿದ ಕಂದು ತೌಡು ಕಲಗಚ್ಚಿನ ಬಕೆಟ್ಟಿಗೆ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯ ಆ ನಾರಿನಲ್ಲಿ ಒಳ್ಳೆಯ ಪಾಲು ನಮ್ಮ ಮನೆಯಲ್ಲಿ ಹಸುವಿಗೆ ಹೋಗುತ್ತಿತ್ತು. ಅಜ್ಜಿ ಸೋಸುತ್ತಿರಲಿಲ್ಲ. ಹುರುಳಿಕಾಳಿನ ಬಸ್ಸಾರು, ಅವರೆಕಾಳು, ಹೊಲದ ಬದುವಿನ ಸೊಪ್ಪಿನ ಮಸ್ಸೊಪ್ಪು, ಎಲ್ಲದರಲ್ಲೂ ನಾರು. ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಕುಡಿಯುತ್ತಿದ್ದಳು. ಬೆಂದ ಪಿಷ್ಟ ತಣ್ಣಗಾದರೆ ಅದರಲ್ಲಿ ಸ್ವಲ್ಪ ಭಾಗ ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಸಿಗುತ್ತದೆ.

ಈಗ ಕೆಲವರು ತುಪ್ಪದಲ್ಲೇ ಬ್ಯುಟಿರೇಟ್ ಇದೆ, ದಿನಾ ಎರಡು ಚಮಚ ತಿನ್ನಿ ಅನ್ನುತ್ತಾರೆ. ಇರುವುದು ನಿಜ. ಆದರೆ ಅದು ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ, ಕೆಳಗೆ ತಲುಪುವುದು ಅಷ್ಟಕ್ಕಷ್ಟೆ. ದೊಡ್ಡ ಕರುಳಿಗೆ ಅದು ಅಲ್ಲೇ ತಯಾರಾಗಬೇಕು. ಬ್ಯುಟಿರೇಟನ್ನೇ ಔಷಧಿಯಾಗಿ ಕೊಟ್ಟ ಪ್ರಯೋಗಗಳ ಫಲವೂ ಒಂದೇ ಥರ ಬಂದಿಲ್ಲ. ಕೆಲವರಿಗೆ ಉಪಯೋಗವಾಯಿತು, ಕೆಲವರಿಗೆ ಇಲ್ಲ. ಮುದ್ದೆ ತಿಂದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕರುಳಿನ ಹುಣ್ಣು ಕೆರಳಿ ರಕ್ತ ಹೋಗುತ್ತಿರುವವರು ಡಾಕ್ಟರನ್ನು ಕೇಳದೆ ನಾರು ಹೆಚ್ಚಿಸಲೇಬಾರದು.

ನಮ್ಮ ಮನೆಯಲ್ಲಿ ಒಂದೇ ದಿನಕ್ಕೆ ಜರಡಿ ಬಿಡಲಿಲ್ಲ. ಅಮ್ಮ ಮೊದಲು ಮೂರು ಪಾಲು ಸೋಸಿದ ಹಿಟ್ಟಿಗೆ ಒಂದು ಪಾಲು ಸೋಸದ್ದು ಬೆರೆಸಿದಳು, ಆಮೇಲೆ ಅರ್ಧಕ್ಕರ್ಧ. ಯಾರ ಸಲಹೆಯನ್ನೂ ಕೇಳಿರಲಿಲ್ಲ. "ಹಸುಗೆ ಮೇವು ಬದಲಾಯಿಸೋವಾಗ ಹಿಂಗೇ ತಾನೇ ಮಾಡೋದು? ಒಂದೇ ಸಲ ಹಾಕಿದ್ರೆ ಹೊಟ್ಟೆ ಉಬ್ಬರಿಸುತ್ತೆ" ಅಂದಳು.