ಶುಗರ್ ಯಾವಾಗ ಹೋಗುತ್ತೆ ಡಾಕ್ಟ್ರೇ?

ಹಿರಿಯರಲ್ಲಿ ಸಕ್ಕರೆ ಹತೋಟಿಗೆ ಬರದಿದ್ದರೆ ಮಾತ್ರೆ ಜಾಸ್ತಿ ಮಾಡುವುದು ಸುಲಭ. ಅದಕ್ಕೂ ಮುಂಚೆ ನಾನೊಂದು ಪ್ರಶ್ನಾವಳಿ ಕೈಗೆತ್ತಿಕೊಳ್ಳುತ್ತೇನೆ. ಹೆಸರು ‘ಬ್ರೀಫ್ ಐಪಿಕ್ಯೂ’. ಎಲಿಜಬೆತ್ ಬ್ರಾಡ್‌ಬೆಂಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ತನ್ನ ಕಾಯಿಲೆ ಬಗ್ಗೆ ರೋಗಿಗೇ ಏನನ್ನಿಸುತ್ತದೆ ಎಂದು ಅಳೆಯುವ ಸಾಧನ ಇದು. ಎಂಟು ಪ್ರಶ್ನೆಗಳಿಗೆ 0ಯಿಂದ 10ರೊಳಗೆ ಅಂಕ ಕೊಡಬೇಕು: ಕಾಯಿಲೆಯಿಂದ ಬದುಕಿಗೆ ಎಷ್ಟು ತೊಂದರೆ, ಅದು ಎಷ್ಟು ಕಾಲ ಇರುತ್ತೆ, ನಿಮ್ಮ ಹತೋಟಿಯಲ್ಲಿ ಎಷ್ಟಿದೆ, ಔಷಧದಿಂದ ಎಷ್ಟು ಉಪಯೋಗ, ಹೀಗೆ. ಒಂಬತ್ತನೆಯದಕ್ಕೆ ಅಂಕವಿಲ್ಲ. ಕಾಯಿಲೆಗೆ ಮೂರು ಮುಖ್ಯ ಕಾರಣ ಹೇಳಬೇಕು, ಅಷ್ಟೇ.

ಎಂಟನ್ನೂ ಕೂಡಿ ಒಂದು ಮೊತ್ತ ತೆಗೆಯುವವರಿದ್ದಾರೆ. ನನ್ನ ಕೆಲಸಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ. ನಾನು ಮೊದಲು ನೋಡುವುದು ‘ಎಷ್ಟು ಕಾಲ’ ಎಂಬುದನ್ನು. ಅಲ್ಲಿ ಎರಡೋ ಮೂರೋ ಅಂದವರು ಶುಗರ್ ಜ್ವರದ ಹಾಗೆ ಬಂದು ಹೋಗುತ್ತದೆ ಅಂದುಕೊಂಡಿರುತ್ತಾರೆ. ರಿಪೋರ್ಟ್ ನಾರ್ಮಲ್ ಬಂದ ಕೂಡಲೇ ‘ಈಗ ಶುಗರ್ ಇಲ್ಲ’ ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇದು ತಿಳಿಯದೆ ಡೋಸ್ ಏರಿಸಿದೆವು ಅನ್ನಿ. ಮುಂದೊಂದು ದಿನ ಮಗಳು ಬಂದು ಎಲ್ಲ ಮಾತ್ರೆಯನ್ನೂ ಸರಿಯಾಗಿ ನುಂಗಿಸಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ವಯಸ್ಸಾದವರಿಗೆ ಅದು ಇನ್ನೂ ಅಪಾಯ.

ಆದರೆ ಅಂಕ ಪಡೆಯುವುದೇ ಕಷ್ಟ. ‘ಹತ್ತಕ್ಕೆ ಎಷ್ಟು’ ಅಂದರೆ ‘ಎಂಟಾಣೆ ವಾಸಿ’ ಅನ್ನುತ್ತಾರೆ. ಹಾಳೆ ಕೊಟ್ಟು ಕೂರಿಸಿದರೆ ಆಗಲ್ಲ, ಓದಿ ಹೇಳಿ ಕೇಳಬೇಕು. ಮಂಡಿನೋವು, ಬಿಪಿ, ಶುಗರ್ ಮೂರೂ ಇದ್ದವರು ಶುಗರ್ ಬಗ್ಗೆ ಕೇಳಿದರೂ ಮಂಡಿಯ ಕಷ್ಟ ಹೇಳುತ್ತಾರೆ. ತಪ್ಪೇನಲ್ಲ, ದಿನವೂ ಕಾಡುವುದು ಮಂಡಿಯೇ ಅಲ್ವಾ? ಇನ್ನು ಜೊತೆಗೆ ಬಂದ ಮಗ ‘ಅಮ್ಮಂಗೆ ಗೊತ್ತಾಗಲ್ಲ, ನಾನ್ ಹೇಳ್ತೀನಿ’ ಅಂದರೆ ಆ ಅಂಕ ಮಗನದು. ಅವರನ್ನು ಸ್ವಲ್ಪ ಹೊರಗೆ ಕೂರಲು ಹೇಳುತ್ತೇನೆ.

ಒಂಬತ್ತನೆಯ ಉತ್ತರವನ್ನು ಅವರದೇ ಮಾತಿನಲ್ಲಿ ಫೈಲಿನಲ್ಲಿ ಬರೆದಿಡುತ್ತೇನೆ: ಹಣೆಬರಹ, ಚಿಂತೆ, ವಯಸ್ಸು. ‘ವಯಸ್ಸು’ ಎಂದವರು ಪಾದದ ಉರಿ, ಜೋಮನ್ನೂ ವಯಸ್ಸಿನ ಲೆಕ್ಕಕ್ಕೇ ಹಾಕಿ ಸುಮ್ಮನಿರಬಹುದು. ಆಗ ಲಕ್ಷಣಗಳ ಪ್ರಶ್ನೆಗೆ ಸೊನ್ನೆ ಬರುತ್ತದೆ. ಆ ಸೊನ್ನೆಯನ್ನು ನಾನು ನಂಬುವುದಿಲ್ಲ. ಚಪ್ಪಲಿ ಬಿಡಿಸಿ, ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಾ ಅಂತ ಪರೀಕ್ಷಿಸುತ್ತೇನೆ.