ಕುಮಾಮೊಟೊ ಕೋಟೆ: ಗೋಡೆಯ ಹಿಂದಿನ ಜಲ್ಲಿ

ಜಪಾನಿನ ಕುಮಾಮೊಟೊ ಕೋಟೆಗೆ ಹೋದವರು ಮೊದಲು ನೋಡೋದು ದೊಡ್ಡ ಗೋಪುರವನ್ನು. ಅದು ನಾನೂರು ವರ್ಷ ಹಳೆಯದು ಅಂದುಕೊಳ್ಳೋದು ಸುಲಭ. ಆದರೆ ಅದು 1960ರಲ್ಲಿ ಕಟ್ಟಿದ ಕಾಂಕ್ರೀಟ್ ಗೋಪುರ. ಹಳೆಯದು 1877ರಲ್ಲಿ ಸುಟ್ಟುಹೋಯಿತು. ಅದಾಗಿ ಕೆಲವೇ ದಿನಕ್ಕೆ, ಸರ್ಕಾರದ ವಿರುದ್ಧ ತಿರುಗಿಬಿದ್ದ ಸಮುರಾಯ್ ನಾಯಕ ಸೈಗೊ ತಕಮೊರಿಯ ಬಂಡಾಯದ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಐವತ್ತು ದಿನಕ್ಕೂ ಜಾಸ್ತಿ ಕಾದರೂ ಒಳಗೆ ನುಗ್ಗಲು ಆಗಲಿಲ್ಲ. ಗೋಪುರವೇ ಇಲ್ಲದ ಕೋಟೆ ಉಳಿದದ್ದರಲ್ಲಿ ಕಲ್ಲಿನ ಗೋಡೆಗಳ ಪಾಲು ದೊಡ್ಡದು.

ಆ ಸೀಮೆಯನ್ನು ಆಳುತ್ತಿದ್ದ ಕಾಟೊ ಕಿಯೊಮಾಸ ಈ ಕೋಟೆಯನ್ನು 1607ರಲ್ಲಿ ಕಟ್ಟಿ ಮುಗಿಸಿದ. ಗೋಡೆಯ ಬುಡ ಇಳಿಜಾರು, ಮೇಲೆ ಹೋದಂತೆ ನೆಟ್ಟಗೆ. ಹತ್ತಲು ಹೊರಟವನಿಗೆ ಅರ್ಧದಲ್ಲೇ ಹಿಡಿತ ತಪ್ಪುತ್ತದೆ. ಕಲ್ಲುಗಳ ನಡುವೆ ಗಾರೆ ಇಲ್ಲ. ಇದನ್ನು ನೋಡಿ ಕೆಲವರು ಹಿಂದಿನವರ ಯಾವುದೋ ಮಾಯದ ವಿದ್ಯೆ ಅನ್ನುತ್ತಾರೆ. ಮಾಯ ಏನೂ ಬೇಡ, ಗೋಡೆಯ ಹಿಂದೆ ಏನಿದೆ ನೋಡಿದರೆ ಸಾಕು.

ಮುಂದಿನ ದೊಡ್ಡ ಕಲ್ಲಿಗೂ ಒಳಗಿನ ಮಣ್ಣಿಗೂ ನಡುವೆ ಸಣ್ಣ ಕಲ್ಲುಗಳ ದಪ್ಪ ಪದರ ಇದೆ, ನಮ್ಮ ಜಲ್ಲಿ ಥರ. ಮಳೆನೀರು ಅದರ ಸಂದಿನಲ್ಲಿ ಇಳಿದು ಹೊರಗೆ ಹೋಗುತ್ತದೆ. ನೀರು ಒಳಗೇ ನಿಂತರೆ ಅದರ ಒತ್ತಡವೇ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಸಣ್ಣ ಭೂಕಂಪಕ್ಕೆ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಅಲುಗಾಟವನ್ನು ಸ್ವಲ್ಪ ನುಂಗಿಕೊಳ್ಳುತ್ತವೆ. ಆದರೆ ಇದೇ ಜಲ್ಲಿ ದೊಡ್ಡ ಭೂಕಂಪದಲ್ಲಿ ಶತ್ರುವಾಗುತ್ತದೆ. ರಾಗಿ ಮೂಟೆಯನ್ನು ನೆಲಕ್ಕೆ ಕುಕ್ಕಿ ನೋಡಿ. ಕಾಳು ಕೆಳಗಿಳಿಯುತ್ತದೆ, ಮೂಟೆಯ ಹೊಟ್ಟೆ ಉಬ್ಬುತ್ತದೆ. ಒಮ್ಮೆ ಇಳಿದ ಜಲ್ಲಿ ತಾನಾಗಿ ಮೇಲೆ ಬರೋದಿಲ್ಲ. ಹಾಗಾಗಿ ಪ್ರತಿ ದೊಡ್ಡ ಭೂಕಂಪಕ್ಕೂ ಗೋಡೆ ಇನ್ನಷ್ಟು ಉಬ್ಬಿ, ಒಂದು ದಿನ ಒಡೆಯುತ್ತದೆ.

2016ರ ಏಪ್ರಿಲ್ 14 ಮತ್ತು 16ರಂದು ಆದದ್ದು ಇದೇ. ಎರಡನೆಯ ಭೂಕಂಪದ ತೀವ್ರತೆ 7.3. ಹಲವು ಕಡೆ ಗೋಡೆಗಳು ಕುಸಿದವು. ಹೆಚ್ಚಿನವು 1889ರ ಭೂಕಂಪದಲ್ಲೂ ಹಾಳಾಗಿದ್ದ ಜಾಗಗಳೇ ಅನ್ನೋದು ಗಮನಿಸಬೇಕಾದ ಮಾತು. ಕಿಯೊಮಾಸನ ಕಾಲದ ಗೋಡೆ ಎಂದಿಗೂ ಬೀಳೋದಿಲ್ಲ ಅನ್ನುವ ಹೊಗಳಿಕೆ ಅಲ್ಲಿಗೆ ಮುಗಿಯಿತು. ಈಡಾಮಾರು ಕಾವಲು ಗೋಪುರದ ಕೆಳಗೆ ಮಾತ್ರ, ಅಕ್ಕಪಕ್ಕದ ಗೋಡೆ ಜಾರಿದರೂ ಮೂಲೆಯ ಒಂದೇ ಸಾಲು ಕಲ್ಲು ಗೋಪುರವನ್ನು ಹೊತ್ತು ನಿಂತಿತ್ತು. ಮೂಲೆಯಲ್ಲಿ ಉದ್ದದ ಕಲ್ಲುಗಳನ್ನು ಒಮ್ಮೆ ಈ ಗೋಡೆಯೊಳಕ್ಕೆ, ಒಮ್ಮೆ ಆ ಗೋಡೆಯೊಳಕ್ಕೆ ಚಾಚಿ ಹೆಣೆದಿರುತ್ತಾರೆ. ಆ ಹೆಣಿಗೆಯ ಬಲ ಅದು.

ಕೋಟೆಯ ಇನ್ನೊಂದು ಕಾವಲು ಗೋಪುರ ಉಟೊ, 1877ರ ಬೆಂಕಿಯಿಂದ ಪಾರಾದ ನಿಜವಾದ ಹಳೆಯ ಕಟ್ಟಡ. 2016ರಲ್ಲಿ ಅದೂ ಜಖಂ ಆಯಿತು. ದೊಡ್ಡ ಗೋಪುರ 2021ರಲ್ಲೇ ಮತ್ತೆ ತೆರೆಯಿತು, ಗೋಡೆಗಳ ಕೆಲಸ ಮಾತ್ರ 2052ರವರೆಗೆ ನಡೆಯುವ ಅಂದಾಜಿದೆ. ಬಿದ್ದ ಕಲ್ಲುಗಳಿಗೆ ನಂಬರ್ ಹಾಕಿ, ಹಳೆಯ ಫೋಟೋಗಳಲ್ಲಿ ಅದರ ಜಾಗ ಹುಡುಕಿ, ಅಲ್ಲೇ ಕೂರಿಸಬೇಕು. ಕಾಂಕ್ರೀಟ್ ಸುರಿದು ಬೇಗ ಮುಗಿಸಬಹುದಿತ್ತು, ಅಲ್ವಾ? ಹಾಗೆ ಮಾಡಿದರೆ ನೀರಿಗೆ ದಾರಿ ಇರೋದಿಲ್ಲ.