ಎರಡು ಗಂಟೆ ಗಾಡಿ ಓಡಿಸಿದ್ರೂ ಹಿಂಭಾಗದ ಬ್ಯಾಟರಿ ಬೆಳಗಾಗೋದ್ರೊಳಗೆ ಯಾಕೆ ಇಳಿಯುತ್ತೆ?

ಓದುಗರ ಪ್ರಶ್ನೆ: ಸರ್, ಟೆಂಪೋ ಟ್ರಾವೆಲರ್ ತಗೊಂಡು ಒಳಗೆ ಮನೆ ಥರ ಮಾಡಿಸಿದೀವಿ. ಹಿಂದೆ 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ, ಇನ್ವರ್ಟರ್, ಸಿಂಗಲ್ ಡೋರ್ ಫ್ರಿಡ್ಜ್, ಮೇಲೆ 160 ವ್ಯಾಟ್ ಸೋಲಾರ್ ಪ್ಯಾನಲ್ ಐತೆ. ದಾವಣಗೆರೆಯಿಂದ ಹಿರಿಯೂರು ಹತ್ರ ನಮ್ಮ ಸಂಬಂಧಿಕರ ತೋಟಕ್ಕೆ ಹೋಗಿ ಗಾಡಿಯಲ್ಲೇ ಮಲಗ್ತೀವಿ, ಅಷ್ಟು ದೂರ ಓಡಿದ್ರೂ ಬೆಳಗಿನ ಜಾವ ಇನ್ವರ್ಟರ್ ಬಡ್ಕೊಂಡು ಆಫ್ ಆಗುತ್ತೆ. ಬ್ಯಾಟರಿ ಹೊಸದು ಹಾಕಿಸಿದ್ವಿ, ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತು, ಮತ್ತೆ ಅದೇ ಕಥೆ. ಡೈನಮೋ ತೋರಿಸಿದ್ರೆ ಚೆನ್ನಾಗೈತೆ ಅಂತಾರೆ. ಏನ್ ಮಾಡೋದು?

ಉತ್ತರ:

ಮೊದಲು ಒಂದು ಮಾತು, ಇನ್ನೊಂದು ಬ್ಯಾಟರಿ ತರಬೇಡ್ರಿ. ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ಎಲ್ಲರೂ ಬ್ಯಾಟರಿ ಬದಲಾಯಿಸಿದ ಮೇಲೇ ಕೇಳ್ತಾರೆ, ಅದೇ ನನಗೆ ಬೇಜಾರು. ಹದಿನೈದು ಸಾವಿರದ ಹತ್ತಿರದ ಸಾಮಾನು ಅದು, ಐನೂರು ರೂಪಾಯಿಯ ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ನೋಡಿದ್ರೆ ತಪ್ಪು ಎಲ್ಲೈತೆ ಅಂತ ಗೊತ್ತಾಗುತ್ತೆ. ನಿಮ್ಮ ಗಾಡಿಯಲ್ಲಿ ಎರಡು ತೊಂದರೆ ಸೇರ್ಕೊಂಡಿರೋ ಹಂಗೆ ಕಾಣುತ್ತೆ, ಬ್ಯಾಟರಿಗೆ ಹೋಗಬೇಕಾದಷ್ಟು ಕರೆಂಟ್ ಹೋಗ್ತಿಲ್ಲ, ರಾತ್ರಿ ಖರ್ಚೂ ನೀವು ಅಂದ್ಕೊಂಡಿರೋದಕ್ಕಿಂತ ಜಾಸ್ತಿ ಐತೆ.

ಖರ್ಚಿನ ಲೆಕ್ಕ ಮೊದಲು ಮಾಡೋಣ, ಬೆಸ್ಕಾಂ ಬಿಲ್ಲಲ್ಲಿ ಬರೋ ಯೂನಿಟ್ ಲೆಕ್ಕದಲ್ಲೇ ಮಾಡೋಣ ಸುಲಭ ಆಗುತ್ತೆ. 150 ಎಎಚ್, 12 ವೋಲ್ಟ್, ಗುಣಿಸಿದ್ರೆ 1800 ವ್ಯಾಟ್ ಅವರ್, ಸಾವಿರಕ್ಕೆ ಒಂದು ಯೂನಿಟ್ ಅಂದ್ರೆ 1.8 ಯೂನಿಟ್. ಆದ್ರೆ ನಿಮ್ಮ ಟ್ಯೂಬ್ಯುಲರ್ ಥರದ ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದ್ರೆ ಅದರ ಆಯಸ್ಸು ಬೇಗ ಮುಗಿಯುತ್ತೆ, ಹಂಗಾಗಿ ನಿಮ್ಮ ಕೈಗೆ ಸಿಗೋದು 0.9 ಯೂನಿಟ್ ಅಂತ ಇಟ್ಕೊಳ್ಳಿ. ಈಗ ರಾತ್ರಿ ಏಳರಿಂದ ಬೆಳಗ್ಗೆ ಏಳು, 12 ಗಂಟೆ. ಫ್ರಿಡ್ಜ್ ಓಡೋವಾಗ 90 ವ್ಯಾಟ್ ಎಳೀತೈತೆ, ಅರ್ಧ ಹೊತ್ತು ಓಡ್ತೈತೆ ಅಂದ್ರೆ 0.54 ಯೂನಿಟ್. 15 ವ್ಯಾಟಿನ ಎರಡು ಫ್ಯಾನ್ ಎಂಟು ಗಂಟೆ ತಿರುಗಿದ್ರೆ 0.24. ಲೈಟು, ಮೊಬೈಲ್ ಚಾರ್ಜು ಎಲ್ಲ ಸೇರಿ 0.06. ಇನ್ನು ಯಾರೂ ಲೆಕ್ಕಕ್ಕೆ ತಗೊಳ್ಳದೆ ಇರೋದು ಇನ್ವರ್ಟರ್ರು, ಅದಕ್ಕೆ ಏನೂ ಹಾಕದೆ ಸುಮ್ನೆ ಆನ್ ಇಟ್ರೂ 15 ವ್ಯಾಟ್ ಆಸುಪಾಸು ತಾನೇ ತಿನ್ನುತ್ತೆ, 12 ಗಂಟೆಗೆ 0.18. ಒಟ್ಟು 1.02 ಯೂನಿಟ್. ಅಂದ್ರೆ ಬ್ಯಾಟರಿ ತುಂಬಿ ತುಳುಕ್ತಿದ್ರೂ ಬೆಳಗ್ಗೆ ಅರ್ಧಕ್ಕಿಂತ ಕೆಳಗೆ ಹೋಗಿರುತ್ತೆ, ಇನ್ನು ರಾತ್ರಿ ಶುರು ಆಗೋವಾಗಲೇ ನೂರಕ್ಕೆ ಅರವತ್ತು ಭಾಗ ಮಾತ್ರ ತುಂಬಿದ್ರೆ ಇರೋದೇ 1.08 ಯೂನಿಟ್, ಬೆಳಗಿನ ಜಾವಕ್ಕೆ ಖಾಲಿ. ನಿಮ್ಮ ಇನ್ವರ್ಟರ್ ಬಡ್ಕೊಳ್ಳೋ ಹೊತ್ತಿಗೂ ಈ ಲೆಕ್ಕಕ್ಕೂ ಸರಿಯಾಗಿ ಕೂಡ್ತೈತೆ ನೋಡ್ರಿ.

ನಿಮ್ಮದೇ ಫ್ರಿಡ್ಜ್ ಎಷ್ಟು ಎಳೆಯುತ್ತೆ ಅಂತ ತಿಳ್ಕೊಳ್ಳೋಕೆ ಅದರ ಮೇಲಿನ ಸ್ಟಾರ್ ಲೇಬಲ್ ನೋಡಿ, ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತೆ, 365ರಿಂದ ಭಾಗಿಸಿದ್ರೆ ದಿನದ ಲೆಕ್ಕ ಬರುತ್ತೆ. ಆದ್ರೆ ಅದು ಮನೆ ಅಡುಗೆಮನೆ ಲೆಕ್ಕ, ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಬಿಸಿಲಿಗೆ ತಗಡಿನ ಗಾಡಿ ಬಾಗಿಲು ಹಾಕಿ ನಿಲ್ಲಿಸಿದ್ರೆ ಒಳಗಡೆ ಕಾದು ಹೋಗಿರುತ್ತೆ, ಅಂಥ ಹೊತ್ತಲ್ಲಿ ಫ್ರಿಡ್ಜ್ ನಿಲ್ಲೋದೇ ಇಲ್ಲ ಓಡ್ತಾನೇ ಇರುತ್ತೆ. ಫ್ರಿಡ್ಜ್ ಹಿಂಭಾಗ ಗಾಳಿ ಆಡೋಕೆ ಜಾಗ ಬಿಡದೆ ಪ್ಲೈವುಡ್ ಹೊಡೆದು ಮುಚ್ಚಿರ್ತಾರೆ ಎಷ್ಟೋ ಗಾಡಿಯಲ್ಲಿ, ಅದನ್ನೂ ನೋಡ್ಕೊಳ್ಳಿ.

ಈಗ ಮುಖ್ಯವಾದ ವಿಷಯ, ಚಾರ್ಜ್ ಯಾಕೆ ಆಗ್ತಿಲ್ಲ.

ಡೈನಮೋ ಚೆನ್ನಾಗೈತೆ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದು ಸುಳ್ಳಲ್ಲ. ಅವರು ಮುಂದಿನ ಬ್ಯಾಟರಿಗೆ, ಅಂದ್ರೆ ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೆ ಮೀಟರ್ ಇಟ್ಟು 14.2 ವೋಲ್ಟ್ ನೋಡಿರ್ತಾರೆ, ಅದು ಸರಿಯಾಗೇ ಇರುತ್ತೆ. ನಾವು ನೋಡಬೇಕಾಗಿರೋದು ಹಿಂದಿನ ಬ್ಯಾಟರಿ ಟರ್ಮಿನಲ್ ಹತ್ರ ಎಷ್ಟು ಮುಟ್ಟುತ್ತೆ ಅನ್ನೋದು. ಮುಂದಿಂದ ಹಿಂದಕ್ಕೆ ವೈರ್ ಸುಮಾರು ಆರು ಮೀಟರ್ ಬರುತ್ತೆ, ಹೋಗೋದು ಬರೋದು ಸೇರಿ ಹನ್ನೆರಡು. ಬಾಡಿ ಕಟ್ಟೋರು ಮನೆ ವೈರಿಂಗ್ ಲೆಕ್ಕದಲ್ಲಿ 6 ಸ್ಕ್ವೇರ್ ಎಂಎಂ ವೈರ್ ಎಳೆದಿರ್ತಾರೆ, ನೋಡೋಕೆ ದಪ್ಪ ಕಾಣುತ್ತೆ, 230 ವೋಲ್ಟಿಗೆ ಸಾಕೂ ಆಗುತ್ತೆ. ಆದ್ರೆ 12 ವೋಲ್ಟಲ್ಲಿ ಅದೇ ವೈರಲ್ಲಿ 40 ಆಂಪಿಯರ್ ಹರಿಸಿದ್ರೆ ಸುಮಾರು 1.4 ವೋಲ್ಟ್ ವೈರಲ್ಲೇ ಹೋಗುತ್ತೆ. 14.2 ಹೊರಟಿದ್ದು 12.8 ಆಗಿ ಮುಟ್ಟಿದ್ರೆ ಬ್ಯಾಟರಿ ಹೆಂಗೆ ತುಂಬುತ್ತೆ, ತುಂಬಿದ ಬ್ಯಾಟರಿ ಸುಮ್ನೆ ಕೂತಿದ್ರೇ 12.6, 12.7 ಇರುತ್ತೆ. ಬೋರಲ್ಲಿ ಮೂರಿಂಚು ನೀರಿದ್ರೂ ಅರ್ಧ ಇಂಚಿನ ಪೈಪ್ ಹಾಕಿ ತೊಟ್ಟಿ ತುಂಬಿಸಿದ ಹಂಗೆ ಆಯ್ತದೆ. ಇದರ ಜೊತೆಗೆ ವೈರ್ ತುದಿಯ ಲೂಸ್ ಥಿಂಬಲ್ಲು, ಮುಂದಿನ ಹಿಂದಿನ ಬ್ಯಾಟರಿ ಕೂಡಿಸೋ ರಿಲೇಯ ಸುಟ್ಟ ಪಾಯಿಂಟು, ಮೈನಸ್ ಕಟ್ಟಿರೋ ಕಡೆ ತುಕ್ಕು ಹಿಡಿದ ಬಾಡಿ ಅರ್ತ್ ಎಲ್ಲ ಸೇರಿದ್ರೆ ಕೊನೆಗೆ ಎಂಟೋ ಹತ್ತೋ ಆಂಪಿಯರ್ ಹೋದ್ರೆ ಹೆಚ್ಚು. ಅದೇ ಜಾಗಕ್ಕೆ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆದ್ರೆ ಅದೇ 40 ಆಂಪಿಯರಿಗೆ ನಷ್ಟ 0.33 ವೋಲ್ಟ್ ಅಷ್ಟೇ.

ಇದನ್ನ ನೀವೇ ಚೆಕ್ ಮಾಡಬಹುದು, ಆದ್ರೆ ಯಾವಾಗ ಚೆಕ್ ಮಾಡ್ತೀರಿ ಅನ್ನೋದು ಬಹಳ ಮುಖ್ಯ. ಕರೆಂಟ್ ಹರೀತಿದ್ರೆ ಮಾತ್ರ ವೈರಿನ ನಷ್ಟ ಮೀಟರಲ್ಲಿ ಕಾಣುತ್ತೆ. ನೀವು ಮನೆಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಆಮೇಲೆ ಪಿ.ಬಿ. ರೋಡಿನ ಅಂಗಡಿಗೆ ತಗೊಂಡು ಹೋಗ್ತೀರಿ, ಆ ಹೊತ್ತಿಗೆ ಹಿಂದಿನ ಬ್ಯಾಟರಿ ತುಂಬಿರುತ್ತೆ, ಕರೆಂಟೇ ಎಳೆಯಲ್ಲ, ಹಂಗಾಗಿ ಹಿಂದೆನೂ 14 ತೋರಿಸುತ್ತೆ, ಎಲ್ಲ ಸರಿ ಐತೆ ಅಂತ ಕಳಿಸ್ತಾರೆ. ಇದಕ್ಕೆ ಅವರನ್ನ ಬೈದು ಉಪಯೋಗ ಇಲ್ಲ. ತೋಟದಲ್ಲೇ, ಬ್ಯಾಟರಿ ಇಳಿದಿರೋ ಬೆಳಗ್ಗೆನೇ ಚೆಕ್ ಮಾಡ್ರಿ.

ಎಲ್ಲ ಸ್ವಿಚ್ ಆಫ್ ಮಾಡಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಬಿಸಿಲು ಏರೋ ಮುಂಚೆ ಹಿಂದಿನ ಬ್ಯಾಟರಿ ವೋಲ್ಟ್ ಬರೆದಿಟ್ಕೊಳ್ಳಿ. 12.2 ಇದ್ರೆ ಹತ್ತತ್ರ ಅರ್ಧ ಐತೆ, 11.8 ಅಂದ್ರೆ ಖಾಲಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಒಬ್ರು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡ್ಕೊಂಡಿರ್ಲಿ, ಮುಂದಿನ ಬ್ಯಾಟರಿಯಲ್ಲಿ ನೋಡಿ, 13.8ರಿಂದ 14.4 ಒಳಗೆ ಇರಬೇಕು. ಈಗ ಹಿಂದಿನದು ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ತಪ್ಪು ದಾರಿಯಲ್ಲೈತೆ, ಬ್ಯಾಟರಿಯಲ್ಲಿ ಅಲ್ಲ. ಎರಡಕ್ಕೂ ಸಂಬಂಧನೇ ಇಲ್ಲದಂಗೆ ಹಿಂದಿನದು 12 ಚಿಲ್ಲರೆಯಲ್ಲೇ ಅಲ್ಲಾಡದೆ ಕೂತಿದ್ರೆ ಫ್ಯೂಸ್ ಹೋಗಿರುತ್ತೆ ಅಥವಾ ರಿಲೇ ಕೂಡ್ತಾ ಇಲ್ಲ ಅಂತ ಅರ್ಥ.

ನಷ್ಟ ಪ್ಲಸ್ ಕಡೆನೋ ಮೈನಸ್ ಕಡೆನೋ ಅಂತ ಗೊತ್ತಾಗಬೇಕು ಅಂದ್ರೆ ಒಂದು ಉದ್ದನೆ ವೈರ್ ತುಂಡು ಇಟ್ಕೊಳ್ಳಿ, ಗಾಡಿ ಸ್ಟಾರ್ಟಲ್ಲೇ ಇರಲಿ, ಮೀಟರಿನ ಒಂದು ಕಡ್ಡಿ ಮುಂದಿನ ಬ್ಯಾಟರಿ ಪ್ಲಸ್ಸಿಗೆ ಇನ್ನೊಂದು ಹಿಂದಿನ ಬ್ಯಾಟರಿ ಪ್ಲಸ್ಸಿಗೆ ಇಡ್ರಿ, ಮೀಟರಲ್ಲಿ ಬರೋದೇ ಪ್ಲಸ್ ಕಡೆ ನಷ್ಟ. ಹಂಗೇ ಮೈನಸ್ಸಿಂದ ಮೈನಸ್ಸಿಗೆ. ನಾನು ನೋಡಿರೋ ಗಾಡಿಗಳಲ್ಲಿ ಮೈನಸ್ ಕಡೆ ಗೋಟಾಳಿನೇ ಹೆಚ್ಚು, ಯಾಕಂದ್ರೆ ಪ್ಲಸ್ಸಿಗೆ ಒಳ್ಳೆ ಕೇಬಲ್ ಎಳೆದು ಮೈನಸ್ಸನ್ನ ಪೇಂಟ್ ಮೇಲೇ ಚಾಸಿಗೆ ಒಂದು ಸ್ಕ್ರೂ ಹಾಕಿ ಬಿಟ್ಟಿರ್ತಾರೆ. ಆ ಜಾಗದಲ್ಲಿ ಪೇಂಟ್ ಹೋಗೋ ಹಂಗೆ ಪಾಲಿಷ್ ಪೇಪರ್ ಹಾಕಿ ತಿಕ್ಕಿ, ಹಲ್ಲಿರೋ ವಾಷರ್ ಹಾಕಿ ನಟ್ಟು ಬೋಲ್ಟಲ್ಲಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಇಷ್ಟಕ್ಕೇ ಸರಿ ಹೋಗಿರೋ ಗಾಡಿನೂ ಐತೆ.

ಕೇಬಲ್ ಬದಲಾಯಿಸೋದೇ ಆದ್ರೆ ಫ್ಯೂಸ್ ವಿಷಯದಲ್ಲಿ ಮಾತ್ರ ದಯವಿಟ್ಟು ರಾಜಿ ಆಗಬೇಡ್ರಿ. ಎರಡೂ ತುದಿಯಲ್ಲಿ ಬ್ಯಾಟರಿ ಇರೋದ್ರಿಂದ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಟರ್ಮಿನಲ್‌ಗೆ ಆದಷ್ಟು ಹತ್ರ, 25 ಸ್ಕ್ವೇರ್ ಎಂಎಂಗೆ 80 ಆಂಪಿಯರ್ ಸಾಕು. ಚಾಸಿ ಅಂಚಿಗೆ ಕೇಬಲ್ ಉಜ್ಜಿ ಉಜ್ಜಿ ರಬ್ಬರ್ ಹೋದ ದಿನ ಫ್ಯೂಸ್ ಇಲ್ಲ ಅಂದ್ರೆ ಹೈವೇ ಮೇಲೆ ಗಾಡಿ ಹತ್ಕೊಳ್ಳುತ್ತೆ, ಒಳಗೆ ಮಕ್ಕಳು ಮಲಗಿರ್ತಾರೆ. ಕೇಬಲ್ ಮೇಲೆ ಫ್ಲೆಕ್ಸಿಬಲ್ ಪೈಪ್ ಹಾಕ್ಸಿ, ಸೈಲೆನ್ಸರ್ ಇಂದ ದೂರ ಕಟ್ಟಿಸಿ. ಇನ್ನೊಂದು, ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗೋವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತೆ, ಮಲಗೋ ಮಂಚದ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿದ್ರೆ ಆ ಪೆಟ್ಟಿಗೆಯಿಂದ ಹೊರಗಡೆಗೆ ಗಾಳಿ ಹೋಗೋ ಪೈಪ್ ಇರಲೇಬೇಕು.

ವೈರಿಂಗ್ ಎಲ್ಲ ಸರಿ ಆಯ್ತು ಅಂದ್ಕೊಳ್ಳಿ, ಆಗಲೂ ಎರಡು ಗಂಟೆ ಓಡಿಸಿದ್ರೆ ತುಂಬುತ್ತಾ? ಇಲ್ಲ. ಟ್ಯೂಬ್ಯುಲರ್ ಬ್ಯಾಟರಿ ನಿಧಾನಕ್ಕೆ ತಗೊಳ್ಳೋ ಜಾತಿ, 150 ಎಎಚ್‌ಗೆ 15ರಿಂದ 20 ಆಂಪಿಯರ್ ಅಂತ ಇಟ್ರೆ ಹಿರಿಯೂರು ಮುಟ್ಟೋದ್ರೊಳಗೆ 30-40 ಎಎಚ್ ಸೇರುತ್ತೆ, ನಿಮ್ಮ ಒಂದು ರಾತ್ರಿ ಖರ್ಚು 85 ಎಎಚ್. ಕೊನೇ ನೂರಕ್ಕೆ ಇಪ್ಪತ್ತು ಭಾಗ ತುಂಬೋಕಂತೂ ಗಂಟೆಗಟ್ಟಲೆ ಬೇಕು, ಅದನ್ನ ಡ್ರೈವಿಂಗಲ್ಲಿ ಮುಗಿಸೋಕೆ ಆಗಲ್ಲ. ಅದಕ್ಕೆ ಹೊರಡೋ ಹಿಂದಿನ ರಾತ್ರಿ ಮನೆ ಕರೆಂಟಿಗೆ ಹಾಕಿ ಪೂರ್ತಿ ತುಂಬಿಸಿ, ಫ್ರಿಡ್ಜನ್ನೂ ಮನೆ ಕರೆಂಟಲ್ಲೇ ತಣ್ಣಗೆ ಮಾಡ್ಕೊಂಡು ಹೊರಡ್ರಿ. ಗಾಡಿ ನಿಲ್ಲಿಸಿ ಐಡಲಲ್ಲಿ ಅರ್ಧ ಗಂಟೆ ಬಿಟ್ರೆ ಚಾರ್ಜ್ ಆಗುತ್ತೆ ಅಂತ ಕೆಲವರು ಮಾಡ್ತಾರೆ, ಡೀಸೆಲ್ ದಂಡ ಅಷ್ಟೇ, ಐಡಲಲ್ಲಿ ಡೈನಮೋ ಪೂರ್ತಿ ಕರೆಂಟ್ ಕೊಡಲ್ಲ.

ಸೋಲಾರ್ ಪ್ಯಾನಲ್ 160 ವ್ಯಾಟಿಂದು, ಒಳ್ಳೆ ಬಿಸಿಲಲ್ಲಿ ದಿನಕ್ಕೆ ಅರ್ಧ ಯೂನಿಟ್ ಮೇಲೆ ಸ್ವಲ್ಪ ಕೊಡುತ್ತೆ. ನಮ್ಮ ಕಡೆ ಬಿಸಿಲಿಗೇನು ಕೊರತೆ ಅಂತೀರಿ, ಆದ್ರೆ ಪ್ಯಾನಲ್ ಕಾದಷ್ಟೂ ಕಡಿಮೆ ಕೊಡುತ್ತೆ, 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಭಾಗ ಇಳಿಯುತ್ತೆ, ಪ್ಯಾನಲ್ 60 ಡಿಗ್ರಿ ಕಾದ್ರೆ ಅಲ್ಲಿಗೇ ಹದಿನಾಲ್ಕು ಭಾಗ ಹೋಯ್ತು. ತಗಡಿಗೆ ಅಂಟಿಸಿದ್ರೆ ಇನ್ನೂ ಕಾಯುತ್ತೆ, ಕೆಳಗೆ ಎರಡಿಂಚು ಗಾಳಿ ಆಡೋ ಹಂಗೆ ಕೂರಿಸಿ. ಚಿತ್ರದುರ್ಗ ದಾಟಿದ ಮೇಲೆ ಗಾಳಿ ಧೂಳು ಹೆಂಗೆ ಕೂರುತ್ತೆ ಅಂತ ನಿಮಗೇ ಗೊತ್ತು, ತೋಟ ಮುಟ್ಟಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ತಂಪಾಗಿರ್ಲಿ ಅಂತ ಹುಣಸೆ ಮರದ ಕೆಳಗೆ ನಿಲ್ಲಿಸಿದ್ರೆ ಸೋಲಾರ್ ಲೆಕ್ಕಕ್ಕಿಲ್ಲ, ಪ್ಯಾನಲಿನ ಒಂದು ಮೂಲೆ ನೆರಳಾದ್ರೂ ಕರೆಂಟ್ ಜೋರಾಗಿ ಬೀಳುತ್ತೆ. ಹಂಗಂತ ಗಾಡಿ ಬಿಸಿಲಿಗಿಟ್ರೆ ಫ್ರಿಡ್ಜ್ ಜಾಸ್ತಿ ಎಳೆಯುತ್ತೆ. ನನ್ನ ಕೇಳಿದ್ರೆ ಬೆಳಗಿಂದ ಮಧ್ಯಾಹ್ನದವರೆಗೂ ಬಿಸಿಲು, ಮೂರು ಗಂಟೆ ಮೇಲೆ ನೆರಳು, ಇದೇ ವಾಸಿ.

ಖರ್ಚು ಕಡಿಮೆ ಮಾಡೋಕೆ ನನ್ನ ಮೊದಲ ಸಲಹೆ ಫ್ಯಾನ್ ಲೈಟ್ ಎಲ್ಲ ನೇರ 12 ವೋಲ್ಟಿಂದಕ್ಕೆ ಬದಲಾಯಿಸಿ, ಇನ್ವರ್ಟರ್ ಫ್ರಿಡ್ಜಿಗೆ ಮಾತ್ರ ಇರಲಿ. ಫ್ರಿಡ್ಜೂ 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಆದ್ರೆ ಇನ್ವರ್ಟರನ್ನೇ ರಾತ್ರಿ ಆಫ್ ಮಾಡಿ ಮಲಗಬಹುದು, ದುಡ್ಡು ಜಾಸ್ತಿ ನಿಜ, ಆದ್ರೆ ಎರಡನೇ ಬ್ಯಾಟರಿಗೆ ಹಾಕೋ ದುಡ್ಡನ್ನ ಇದಕ್ಕೆ ಹಾಕೋದು ಒಳ್ಳೇದು ಅಂತ ನಾನಂತೂ ಹೇಳ್ತೀನಿ.

ಲಿಥಿಯಂ ಬ್ಯಾಟರಿ ಹಾಕಿಸ್ಲಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಅದಕ್ಕೂ ಈಗಲೇ ಹೇಳಿಬಿಡ್ತೀನಿ. ಹಾಕಿಸಬಹುದು, ಆದ್ರೆ ಡೈನಮೋದಿಂದ ನೇರ ವೈರ್ ಕೊಡೋ ಹಂಗಿಲ್ಲ, ಲಿಥಿಯಂ ಎಷ್ಟು ಕೊಟ್ರೂ ಎಳೆಯುತ್ತೆ, ಡೈನಮೋ ಕಾದು ಸುಡುತ್ತೆ. ಮಧ್ಯದಲ್ಲಿ ಡಿಸಿ ಟು ಡಿಸಿ ಚಾರ್ಜರ್, ಅಂದ್ರೆ ಡೈನಮೋ ಕರೆಂಟನ್ನ ಮಿತಿಯಲ್ಲಿಟ್ಟು ಬ್ಯಾಟರಿಗೆ ಬೇಕಾದ ವೋಲ್ಟಲ್ಲಿ ಕೊಡೋ ಡಬ್ಬಿ, ಹಾಕಲೇಬೇಕು. 2020ರ ಏಪ್ರಿಲ್ ಮೇಲೆ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಕೆಲವಕ್ಕೆ ಸ್ಮಾರ್ಟ್ ಡೈನಮೋ ಇರುತ್ತೆ, ಮುಂದಿನ ಬ್ಯಾಟರಿ ತುಂಬಿದ ತಕ್ಷಣ ಅದು ವೋಲ್ಟ್ ಇಳಿಸಿಬಿಡುತ್ತೆ, ಅಂಥ ಗಾಡಿಗೆ ಟ್ಯೂಬ್ಯುಲರ್ ಇದ್ರೂ ಈ ಚಾರ್ಜರ್ ಬೇಕಾಗುತ್ತೆ. ಮೇಲೆ ಹೇಳಿದ ಚೆಕ್ಕನ್ನ ಅರ್ಧ ಗಂಟೆ ಓಡಿಸಿದ ಮೇಲೂ ಒಂದ್ಸಲ ಮಾಡಿ, ಮುಂದಿನ ಬ್ಯಾಟರಿಯಲ್ಲೇ 13ರ ಹತ್ರಕ್ಕೆ ಇಳಿದಿದ್ರೆ ನಿಮ್ಮದೂ ಅದೇ ಜಾತಿ.

ಈಗಿರೋ ಹೊಸ ಬ್ಯಾಟರಿ ಉಳಿಸ್ಕೊಳ್ಳೋದು ಹೆಂಗೆ ಅಂದ್ರೆ, ಅರ್ಧಂಬರ್ಧ ಚಾರ್ಜಲ್ಲಿ ವಾರಗಟ್ಟಲೆ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಆಗುತ್ತೆ, ಆಮೇಲೆ ಏನ್ ಮಾಡಿದ್ರೂ ಪೂರ್ತಿ ಹಿಡಿಯಲ್ಲ, ಮೊದಲನೇ ಬ್ಯಾಟರಿಗೂ ಇದೇ ಆಗಿರ್ಬೇಕು. ಒಂದ್ಸಲ ರಾತ್ರಿಯೆಲ್ಲ ಚಾರ್ಜ್ ಮಾಡಿ ಹೈಡ್ರೋಮೀಟರಲ್ಲಿ ಆರೂ ಸೆಲ್ ಗ್ರಾವಿಟಿ, ಅಂದ್ರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಐತೆ ಅಂತ ನೋಡ್ಸಿ, ಎಲ್ಲ 1.240 ಆಸುಪಾಸು ಒಂದೇ ಥರ ಇದ್ರೆ ಬ್ಯಾಟರಿ ಚೆನ್ನಾಗೈತೆ, ಒಂದೇ ಸೆಲ್ ಮಾತ್ರ 1.200 ಕೆಳಗೆ ಬಂದ್ರೆ ವಾರಂಟಿಯಲ್ಲಿ ಕೇಳಿ. ನೀರು ಕಮ್ಮಿ ಆಗಿದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಆದ ಮೇಲೆ ಹಾಕಿ. ನಮ್ಮ ಕಡೆ ಬೋರ್ ನೀರು ಗಡಸು, ಅದನ್ನ ಬ್ಯಾಟರಿಗೆ ಹಾಕಿದ್ರೆ ಮುಗೀತು.

ಮಳೆಗಾಲದಲ್ಲಿ ಗಾಡಿ ಶೆಡ್ಡಲ್ಲಿ ನಿಲ್ಲಿಸ್ತೀರಿ ಅಂದ್ರೆ ಇನ್ವರ್ಟರ್ ಹಿಂದಿನ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಮೈನಸ್ ಟರ್ಮಿನಲ್ ಬಿಚ್ಚಿ ಇಡ್ರಿ, ತಿಂಗಳಿಗೊಂದ್ಸಲ ಒಂದು ರಾತ್ರಿ ಪೂರ್ತಿ ಚಾರ್ಜಿಗೆ ಹಾಕ್ರಿ. ಸದ್ಯಕ್ಕೆ ತೋಟದಲ್ಲಿ ತೆಗೆದ ಮೂರು ರೀಡಿಂಗ್, ಅಂದ್ರೆ ಬೆಳಗಿನ ವೋಲ್ಟ್, ಸ್ಟಾರ್ಟಲ್ಲಿ ಮುಂದಿಂದು, ಸ್ಟಾರ್ಟಲ್ಲಿ ಹಿಂದಿಂದು, ಜೊತೆಗೆ ಮೈನಸ್ ಎಲ್ಲಿ ಕಟ್ಟಿದಾರೆ ಅನ್ನೋ ಫೋಟೋ ಕಳಿಸಿ, ಕೇಬಲ್ ಬದಲಾಯಿಸಬೇಕಾ ಅರ್ತ್ ತಿಕ್ಕಿದ್ರೆ ಸಾಕಾ ಅಂತ ನೋಡಿ ಹೇಳ್ತೀನಿ.